ರದ್ದು, ಅನರ್ಹತೆ, ಅಮಾನತು: ಒಬ್ಬ ಮೀನಿನ ಟೆಂಪೊ ಚಾಲಕನ ಲೈಸೆನ್ಸ್ ಪ್ರಕರಣ

2023ರ ಮಾರ್ಚ್ ತಿಂಗಳಲ್ಲಿ ಕುಮಟಾ ಕಡೆಯ ಗಂಡ ಹೆಂಡತಿ ನನ್ನ ಕಚೇರಿಗೆ ಬಂದರು. ಗಂಡ ಅಂಗಿಯ ಕಿಸೆಯಿಂದ ನಾಲ್ಕಾಗಿ ಮಡಚಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ಕಾಗದಕ್ಕೆ ಮೀನಿನ ವಾಸನೆ ಹತ್ತಿತ್ತು. ‘ದಂಡ ಕಟ್ಟಿ ಆಗಿದೆ ವಕೀಲರೇ, ಹದಿನೈದು ಸಾವಿರ. ಆದರೂ ಲೈಸೆನ್ಸ್ ಕೊಡುತ್ತಿಲ್ಲ. ಒಂದು ಅರ್ಜಿ ಬರೆದುಕೊಡಿ’ ಎಂದ. ಅದು ಕುಡಿದು ವಾಹನ ಓಡಿಸಿದ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಕೊಟ್ಟ ಆದೇಶದ ನಕಲು. ಕೊನೆಯ ಪ್ಯಾರಾದ ಒಂದು ಶಬ್ದವನ್ನು ನಾನು ಎರಡು ಸಲ ಓದಿದೆ. ಅಲ್ಲಿ ‘ಅಮಾನತು’ ಎಂದಿರಲಿಲ್ಲ, ‘ಅನರ್ಹ’ ಎಂದೂ ಇರಲಿಲ್ಲ. ‘ರದ್ದುಪಡಿಸಲಾಗಿದೆ’ ಎಂದಿತ್ತು.

ಆ ಶಬ್ದದ ತೂಕ ಅವನಿಗೆ ಗೊತ್ತಿರಲಿಲ್ಲ. ಹೆಂಡತಿಗೆ ನನ್ನ ಮುಖ ನೋಡಿಯೇ ಅರ್ಧ ಗೊತ್ತಾಯಿತು.

ಅವರಿಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತಬಾರದೆಂದು ಹೆಸರು, ಊರು, ನ್ಯಾಯಾಲಯ, ಕಚೇರಿ ಯಾವುದನ್ನೂ ಹೇಳಿಲ್ಲ. ಕರಾವಳಿಯ ನಮ್ಮ ನ್ಯಾಯಾಲಯಗಳ ಮೆಟ್ಟಿಲ ಮೇಲೆ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತೊಂದಿದೆ: ‘ದಂಡ ಕಟ್ಟಿ ಮುಗಿಸಿಬಿಡೋಣ.’ ಆ ಮಾತು ಒಂದು ಮನೆಯನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂಬುದನ್ನು ಈ ಪ್ರಕರಣದಲ್ಲಿ ನಾನು ತೀರ ಹತ್ತಿರದಿಂದ ನೋಡಿದ್ದೇನೆ.

ಮೂರು ಸಲ

ಆಗ ಆತನಿಗೆ ನಲವತ್ತು ವರ್ಷ. 2003ರಲ್ಲಿ ಲೈಸೆನ್ಸ್ ಮಾಡಿಸಿದವನು, ಮೀನು ವ್ಯಾಪಾರಿಯೊಬ್ಬರ ಟೆಂಪೊ ಓಡಿಸಿ ಸಂಸಾರ ಸಾಗಿಸುತ್ತಿದ್ದ. ಇಬ್ಬರು ಮಕ್ಕಳು, ವಯಸ್ಸಾದ ತಾಯಿ.

ಮೊದಲ ಸಲ ಸಿಕ್ಕಿಬಿದ್ದದ್ದು 2018ರ ಮೇ ತಿಂಗಳಲ್ಲಿ, ಬಂಡಿಹಬ್ಬ ಮುಗಿಸಿ ಬೈಕಿನಲ್ಲಿ ಮನೆಗೆ ಬರುವಾಗ. ಎರಡು ಸಾವಿರ ದಂಡ, ಆರು ತಿಂಗಳು ಲೈಸೆನ್ಸ್ ಇಲ್ಲ. ಎರಡನೆಯದು 2021ರ ಫೆಬ್ರವರಿಯಲ್ಲಿ. ಗೋವಾ ಗಡಿಯಾಚೆ ಪೊಳೆಯಲ್ಲಿ ಕುಡಿದು ಗೆಳೆಯನ ಕಾರನ್ನು ತಾನೇ ಓಡಿಸಿಕೊಂಡು ಬಂದ. ಮಾಜಾಳಿ ದಾಟುವ ಹೊತ್ತಿಗೆ ಊದಿಸಿದರು. ಹತ್ತು ಸಾವಿರ ದಂಡ, ಮತ್ತೆ ಆರು ತಿಂಗಳು. ಎರಡೂ ಸಲ ಆತ ವಕೀಲರನ್ನು ಹಿಡಿಯಲಿಲ್ಲ. ಕಟಕಟೆಯಲ್ಲಿ ನಿಂತು ‘ತಪ್ಪಾಯಿತು ಸ್ವಾಮಿ’ ಎಂದ, ಹಣ ಕಟ್ಟಿದ, ಅವಧಿ ಮುಗಿದ ಮೇಲೆ ಲೈಸೆನ್ಸ್ ಮರಳಿ ಪಡೆದ. ಅವನ ಲೆಕ್ಕದಲ್ಲಿ ಎರಡೂ ಮುಗಿದುಹೋದ ಸಂಗತಿಗಳು.

ಇಲ್ಲಿಯೇ ಹೆಚ್ಚಿನವರು ಎಡವುವುದು. ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆಯ ಮೇಲೆಯೇ ರಶೀದಿ ಹರಿದು ಮುಗಿಸಬಹುದು. ಕುಡಿದು ಓಡಿಸಿದ್ದಕ್ಕೆ ಹಾಗೆ ಮುಗಿಸಲು ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಸ್ಥಳದಲ್ಲೇ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿ ಕೊಡುತ್ತದೆ. ಕುಡಿದು ಓಡಿಸುವುದನ್ನು ಅಪರಾಧವೆನ್ನುವ 185ನೇ ಸೆಕ್ಷನ್ ಆ ಪಟ್ಟಿಯಲ್ಲಿಲ್ಲ. ನ್ಯಾಯಾಲಯಕ್ಕೆ ಹೋಗಲೇಬೇಕು. ಅಲ್ಲಿ ತಪ್ಪೊಪ್ಪಿಕೊಂಡು ಕಟ್ಟುವ ದಂಡ ಬರೀ ದಂಡವಲ್ಲ, ಅಪರಾಧ ಸಾಬೀತಾದ ದಾಖಲೆ. ಅದು ಅಳಿಯುವುದಿಲ್ಲ, ಮುಂದಿನ ಪ್ರಕರಣಕ್ಕಾಗಿ ಕಾದಿರುತ್ತದೆ. ಹಿಂದೆ, ಮೂರು ವರ್ಷದೊಳಗೆ ಮತ್ತೆ ಮಾಡಿದರೆ ಮಾತ್ರ ‘ಎರಡನೆಯ ಅಪರಾಧ’ ಎಂದು ಎಣಿಸುತ್ತಿದ್ದರು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಆ ಮೂರು ವರ್ಷದ ಮಾತನ್ನೇ ತೆಗೆದುಹಾಕಿತು. ಈಗ ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ ಹತ್ತು ಸಾವಿರ ದಂಡ ಅಥವಾ ಎರಡೂ. ನಂತರದ ಪ್ರತಿಯೊಂದಕ್ಕೂ ಎರಡು ವರ್ಷದವರೆಗೆ ಸೆರೆ ಅಥವಾ ಹದಿನೈದು ಸಾವಿರ ಅಥವಾ ಎರಡೂ.

ಮೂರನೆಯದನ್ನು ಮಾತ್ರ ವಿವರವಾಗಿ ಹೇಳಬೇಕು. ಅದರಲ್ಲಿ ತನ್ನದೇನೂ ತಪ್ಪಿಲ್ಲ ಎಂದೇ ಆತ ಬಹಳ ಕಾಲ ನಂಬಿದ್ದ.

ಬೆಳಗಿನ ಐದು ಗಂಟೆ

2022ರ ನವೆಂಬರ್. ತದಡಿಯಲ್ಲಿ ಬಂಗುಡೆ ತುಂಬಿಕೊಂಡು ದೇವಿಮನೆ ಘಟ್ಟ ಹತ್ತಿ ಶಿರಸಿ ಪೇಟೆಗೆ ಬೆಳಿಗ್ಗೆಯೇ ಮುಟ್ಟಿಸುವ ಕೆಲಸ. ಹಿಂದಿನ ರಾತ್ರಿ ಬೋಟಿನವರ ಜೊತೆ ಕೂತು ಹನ್ನೊಂದೂವರೆಯವರೆಗೆ ಕುಡಿದ. ಟೆಂಪೊದ ಕ್ಯಾಬಿನ್ನಿನಲ್ಲೇ ಮಲಗಿದ. ಮೂರೂವರೆಗೆ ಎದ್ದು ತಣ್ಣೀರಲ್ಲಿ ಮುಖ ತೊಳೆದು, ಹಲ್ಲುಜ್ಜಿ, ಎರಡು ಲೋಟ ಚಹಾ ಕುಡಿದು ಹೊರಟ. ಮಂಜುಗಡ್ಡೆಯ ನೀರು ಹಿಂದಿನಿಂದ ರಸ್ತೆಯುದ್ದಕ್ಕೂ ತೊಟ್ಟಿಕ್ಕುತ್ತಿತ್ತು. ಘಟ್ಟದ ಬುಡಕ್ಕೆ ಬರುವಷ್ಟರಲ್ಲಿ ಐದು ಗಂಟೆ. ಪೊಲೀಸರು ಕೈ ಅಡ್ಡ ಹಿಡಿದರು. ಆತ ಯಾವ ಅಳುಕೂ ಇಲ್ಲದೆ ಊದಿದ. ಯಂತ್ರ 88 ತೋರಿಸಿತು. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ.

‘ನಾನು ಆವತ್ತು ಕುಡಿದಿರಲಿಲ್ಲ ವಕೀಲರೇ. ಕುಡಿದದ್ದು ಹಿಂದಿನ ದಿನ’ ಎಂದು ನನ್ನೆದುರು ಮೂರು ಸಲವಾದರೂ ಹೇಳಿದ. ಯಂತ್ರ ಕೆಟ್ಟಿರಬೇಕು ಎಂದೂ ಹೇಳಿದ.

ನಾನು ಕಾಗದದ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದೆ. ರಕ್ತದಲ್ಲಿರುವ ಮದ್ಯ ಸಾಮಾನ್ಯವಾಗಿ ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಇಳಿಯುತ್ತದೆ. ಕೆಲವರಲ್ಲಿ ಸ್ವಲ್ಪ ಹೆಚ್ಚು, ಕೆಲವರಲ್ಲಿ ಕಡಿಮೆ. ಹನ್ನೊಂದೂವರೆಯಿಂದ ಐದರವರೆಗೆ ಐದೂವರೆ ಗಂಟೆ. ಅಂದರೆ ಸುಮಾರು 82 ಇಳಿದಿದೆ. ಐದು ಗಂಟೆಗೆ 88 ಇದ್ದರೆ ಮಲಗುವಾಗ 170ರ ಆಸುಪಾಸು ಇದ್ದಿರಬೇಕು. 30ಕ್ಕೆ ಇಳಿಯಲು ಇನ್ನೂ ನಾಲ್ಕು ಗಂಟೆ ಬೇಕಿತ್ತು. ಒಂಬತ್ತು ಗಂಟೆಗೆ ಮೊದಲು ಆತ ಕೀಲಿಕೈ ಮುಟ್ಟುವ ಹಾಗೇ ಇರಲಿಲ್ಲ. ತಣ್ಣೀರು, ಚಹಾ, ಮಜ್ಜಿಗೆ, ಲಿಂಬೆಹಣ್ಣು ಯಾವುದೂ ಈ ಇಳಿತವನ್ನು ಚುರುಕುಗೊಳಿಸುವುದಿಲ್ಲ. ನಿದ್ದೆಯಿಂದ ಕಣ್ಣು ತಿಳಿಯಾಗಬಹುದು, ರಕ್ತ ತಿಳಿಯಾಗುವುದಿಲ್ಲ.

ಆತ ಆ ಅಂಕಿಗಳನ್ನು ಬಹಳ ಹೊತ್ತು ನೋಡಿದ. ‘ಹಾಗಾದರೆ ಎಷ್ಟು ವರ್ಷ ನಾನು ಹೀಗೇ ಘಟ್ಟ ಹತ್ತಿದೆ?’ ಎಂದ. ನಾನು ಉತ್ತರ ಹೇಳಲಿಲ್ಲ. ಬಂದರಿನಲ್ಲಿ, ಹಾಲಿನ ಗಾಡಿಗಳಲ್ಲಿ, ತರಕಾರಿ ಲಾರಿಗಳಲ್ಲಿ ನಸುಕಿಗೆ ಹೊರಡುವ ಎಲ್ಲರಿಗೂ ಈ ಲೆಕ್ಕ ಗೊತ್ತಿರಬೇಕಿತ್ತು ಎಂದು ಆ ದಿನದಿಂದ ನನಗೆ ಅನ್ನಿಸುತ್ತಲೇ ಇದೆ. ನಮ್ಮಲ್ಲಿ ರಾತ್ರಿ ಕುಡಿದು ಓಡಿಸಬಾರದು ಎಂದು ಎಚ್ಚರಿಸುತ್ತಾರೆ. ಬೆಳಗಿನ ಜಾವದ ಮಾತನ್ನು ಯಾರೂ ಎತ್ತುವುದಿಲ್ಲ.

‘ಯಾರಿಗೂ ಗುದ್ದಿಲ್ಲವಲ್ಲ’ ಎಂಬ ವಾದವನ್ನೂ ಆತ ತಂದ. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕುಡಿದು ಲಾರಿ ಓಡಿಸಿದ ಚಾಲಕನೊಬ್ಬನ ಪ್ರಕರಣದಲ್ಲಿ, ದೊಡ್ಡ ಅಪಘಾತ ಆಗಲಿಲ್ಲ ಎಂಬುದು ಅದೃಷ್ಟವೇ ಹೊರತು ರಿಯಾಯಿತಿಗೆ ಕಾರಣವಲ್ಲ ಎಂದು ಹೇಳಿದೆ. ಆ ವಾದವನ್ನು ನಾನು ಅರ್ಜಿಯಲ್ಲಿ ಎಲ್ಲಿಯೂ ಬರೆಯಲಿಲ್ಲ.

ಒಂದು ಶಬ್ದದ ಮೇಲೆ ನಿಂತ ದಾರಿ

ಲೈಸೆನ್ಸ್ ‘ಹೋಯಿತು’ ಎಂದು ನಾವು ಮಾತಿನಲ್ಲಿ ಹೇಳುವುದಕ್ಕೆ ಕಾನೂನಿನಲ್ಲಿ ಮೂರು ಬೇರೆ ಬೇರೆ ಅರ್ಥಗಳಿವೆ. ಮರಳುವ ದಾರಿ ಇದೆಯೋ ಇಲ್ಲವೋ ಎಂಬುದು ಯಾವ ಅರ್ಥ ಎಂಬುದರ ಮೇಲೆ ನಿಂತಿದೆ.

ನ್ಯಾಯಾಲಯ ಶಿಕ್ಷೆಯ ಜೊತೆ ಲೈಸೆನ್ಸ್ ಅಮಾನತು ಮಾಡಿದರೆ ಅದು ಆರ್‌ಟಿಒ ಕಚೇರಿಯಲ್ಲಿ ಇರುತ್ತದೆ. ಅವಧಿ ಮುಗಿದ ಮೇಲೆ ಮತ್ತೆ ಚಾಲನಾ ಪರೀಕ್ಷೆ ಪಾಸಾಗಿ, ವೈದ್ಯಕೀಯ ಪ್ರಮಾಣಪತ್ರ ಕೊಟ್ಟು, ಅರ್ಜಿ ಹಾಕಿ ಬಿಡಿಸಿಕೊಳ್ಳಬೇಕು. ಅನರ್ಹತೆ ಎಂದರೆ ಇಷ್ಟು ಕಾಲ ಈ ವ್ಯಕ್ತಿ ಲೈಸೆನ್ಸ್ ಹೊಂದುವಂತೆಯೇ ಇಲ್ಲ ಎಂಬ 20ನೇ ಸೆಕ್ಷನ್ನಿನ ಆದೇಶ. ಕುಡಿದು ಓಡಿಸಿದ ಪ್ರಕರಣದಲ್ಲಿ ಅದು ಆರು ತಿಂಗಳಿಗೆ ಕಡಿಮೆ ಇರುವಂತಿಲ್ಲ. ಆದರೆ 23ನೇ ಸೆಕ್ಷನ್ನಿನಲ್ಲಿ ಒಂದು ಕಿಟಕಿ ಇದೆ. ಆದೇಶವಾಗಿ ಆರು ತಿಂಗಳು ಕಳೆದ ಮೇಲೆ, ಆದೇಶ ಮಾಡಿದ ನ್ಯಾಯಾಲಯಕ್ಕೇ ಹೋಗಿ ಅದನ್ನು ತೆಗೆಯಿರಿ ಅಥವಾ ಬದಲಿಸಿ ಎಂದು ಕೇಳಬಹುದು. ಒಮ್ಮೆ ಅರ್ಜಿ ಹಾಕಿದರೆ ಮುಂದಿನದಕ್ಕೆ ಮತ್ತೆ ಮೂರು ತಿಂಗಳು ಕಾಯಬೇಕು. ಇದಲ್ಲದೆ 19ನೇ ಸೆಕ್ಷನ್ನಿನಡಿ ಆರ್‌ಟಿಒ ತಾನೇ ನಡಾವಳಿ ಹೂಡಬಹುದು. ನಮ್ಮ ಪ್ರಕರಣದಲ್ಲಿ ಹೂಡಲಿಲ್ಲ, ನ್ಯಾಯಾಲಯದ ಆದೇಶವನ್ನಷ್ಟೇ ದಾಖಲಿಸಿಕೊಂಡಿತು.

ರದ್ದು ಇವೆರಡಕ್ಕಿಂತಲೂ ಕಠಿಣ. 185ರಲ್ಲಿ ಒಮ್ಮೆ ಶಿಕ್ಷೆಯಾದವನಿಗೆ ಅದೇ ಅಪರಾಧದಲ್ಲಿ ಮತ್ತೆ ಶಿಕ್ಷೆಯಾದರೆ ನ್ಯಾಯಾಲಯ ಲೈಸೆನ್ಸನ್ನು ರದ್ದು ಮಾಡತಕ್ಕದ್ದು ಎನ್ನುತ್ತದೆ 22ನೇ ಸೆಕ್ಷನ್. ಹಾಗೆ ರದ್ದಾದರೆ ಆ ವರ್ಗದ ವಾಹನಕ್ಕೆ ಮತ್ತೆ ಲೈಸೆನ್ಸ್ ಪಡೆಯುವುದನ್ನೇ ಅದು ನಿಷೇಧಿಸುತ್ತದೆ. ಆರು ತಿಂಗಳ ಕಿಟಕಿ ಅಲ್ಲಿಲ್ಲ. ಇವನ ಆದೇಶದಲ್ಲಿದ್ದದ್ದು ಇದೇ ಶಬ್ದ.

ಉಳಿದದ್ದು ಸೆಷನ್ಸ್ ನ್ಯಾಯಾಲಯ. ತಪ್ಪೊಪ್ಪಿಕೊಂಡವನಿಗೆ ‘ನಾನು ತಪ್ಪು ಮಾಡಿಲ್ಲ’ ಎನ್ನುವ ಹಕ್ಕು ಹೋಗಿರುತ್ತದೆ. ಆದೇಶ ಕಾನೂನಿಗೆ ಒಪ್ಪುತ್ತದೆಯೇ ಎಂದು ಕೇಳುವ ಹಕ್ಕು ಉಳಿದಿರುತ್ತದೆ. ಕಡತ ತರಿಸಿ ನೋಡಿದೆ. ಹಿಂದಿನ ಶಿಕ್ಷೆಯ ಬಲದ ಮೇಲೆ ಹೆಚ್ಚಿನ ಶಿಕ್ಷೆ ವಿಧಿಸಬೇಕಾದರೆ ಅದು ಎಂದು, ಎಲ್ಲಿ ಆಯಿತೆಂಬುದು ಆರೋಪದಲ್ಲಿಯೇ ಇರಬೇಕು. ದೃಢೀಕೃತ ನಕಲು ತಂದು ರುಜುವಾತು ಮಾಡಬೇಕು. ಇಲ್ಲಿ ‘ಆರೋಪಿಯು ಹಿಂದೆಯೂ ಇದೇ ತಪ್ಪು ಮಾಡಿರುತ್ತಾನೆ’ ಎಂಬ ಒಂದು ಸಾಲಿನ ಹೊರತು ಪ್ರಕರಣದ ಸಂಖ್ಯೆಯೂ ಇಲ್ಲ, ದಿನಾಂಕವೂ ಇಲ್ಲ. ತೊಂಬತ್ತು ದಿನಗಳ ವಾಯಿದೆಯೊಳಗೆ ಆದೇಶದ ಮರುಪರಿಶೀಲನೆಗೆ ರಿವಿಷನ್ ಅರ್ಜಿ ಹಾಕಿದೆ.

2023ರ ಜುಲೈಯಲ್ಲಿ ಆದೇಶವಾಯಿತು. ರದ್ದತಿಯನ್ನು ತೆಗೆದರು. ದಂಡವನ್ನು ಹತ್ತು ಸಾವಿರಕ್ಕೆ ಇಳಿಸಿ ಐದು ಸಾವಿರ ಮರಳಿಸಲು ಹೇಳಿದರು. ಆದರೆ ತುಂಬಿದ ಸರಕಿನ ವಾಹನವನ್ನು ಘಟ್ಟಕ್ಕೆ ಹತ್ತಿಸಲು ಹೊರಟಿದ್ದನ್ನು ಹಗುರವಾಗಿ ಕಾಣಲಾಗದು ಎಂದು, ಮ್ಯಾಜಿಸ್ಟ್ರೇಟರ ಆದೇಶದ ದಿನದಿಂದ ಅಂದರೆ 2023ರ ಫೆಬ್ರವರಿಯಿಂದ ಮೂರು ವರ್ಷ ಅನರ್ಹತೆ ವಿಧಿಸಿದರು. ರದ್ದು ಹೋಗಿ ಅನರ್ಹತೆ ಬಂತು. ಕಾನೂನಿನ ಮಾತಿನಲ್ಲಿ ಅದು ದೊಡ್ಡ ಗೆಲುವು.

ನನಗೆ ಆ ಸಂಜೆ ಸಂತೋಷವಾಗಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಗೆದ್ದದ್ದು ದೋಷಾರೋಪ ಪಟ್ಟಿಯ ತೂತಿನಿಂದ. ಆ ಗೆಲುವಿನಲ್ಲಿ ನನ್ನ ಕಕ್ಷಿದಾರ ಬದಲಾಗಿದ್ದಾನೆ ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ.

ಹಾಲಿನ ಲೆಕ್ಕದ ಕ್ಯಾಲೆಂಡರ್

ಐದು ದಿನ ಬಿಟ್ಟು ಹೆಂಡತಿ ಒಬ್ಬಳೇ ಬಂದಳು. ಕೈಯಲ್ಲಿ ಗೋಡೆಯಿಂದ ತೆಗೆದ ಕ್ಯಾಲೆಂಡರ್. ‘ನೀವು ಗೆಲ್ಲಿಸಿದಿರಿ ವಕೀಲರೇ. ಅದೇ ರಾತ್ರಿ ಇವರು ಕುಡಿದು ಬಂದರು’ ಎಂದಳು.

ಜೂನ್ 1ರಿಂದ ಜುಲೈ 31ರವರೆಗೆ, ಅರವತ್ತೊಂದು ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡದಲ್ಲಿ, ಮಳೆ ಬಿಡದೆ ಸುರಿಯುತ್ತಿರುತ್ತದೆ, ಕೈಗೆ ಕೆಲಸವಿಲ್ಲ. ಬಂದರನ್ನು ನಂಬಿದ ಗಂಡಸರಿಗೆ ವರ್ಷದಲ್ಲಿ ಇದಕ್ಕಿಂತ ಕಷ್ಟದ ಕಾಲವಿಲ್ಲ. ಆದೇಶ ಬಂದದ್ದು ಅದರ ನಟ್ಟನಡುವೆ. ಗೆಲುವಿನ ನೆಪದಲ್ಲಿ ಶುರುವಾದದ್ದು ನಾಲ್ಕು ದಿನ ನಡೆಯಿತು.

ಕ್ಯಾಲೆಂಡರಿನ ಒಂದೊಂದು ಚೌಕದಲ್ಲೂ ಪೆನ್ಸಿಲಿನಲ್ಲಿ ಹಾಲಿನ ಲೆಕ್ಕ: ಅರ್ಧ, ಅರ್ಧ, ನೆಂಟರು ಬಂದ ದಿನ ಒಂದು. ಕೆಲವು ಚೌಕಗಳ ಮೂಲೆಯಲ್ಲಿ ಬೇರೆಯದೊಂದು ಅಕ್ಷರವಿತ್ತು, ಸಣ್ಣದಾಗಿ ‘ಕು’. ಮಾರ್ಚ್ ಹಾಳೆಯಲ್ಲಿ ಹನ್ನೊಂದು ‘ಕು’, ಏಪ್ರಿಲ್‌ನಲ್ಲಿ ಒಂಬತ್ತು. ಜುಲೈಯಲ್ಲಿ ಸಾಲಾಗಿ ನಾಲ್ಕು. ಯಾರಿಗೆ ತೋರಿಸಲೆಂದೂ ಆಕೆ ಬರೆದದ್ದಲ್ಲ. ‘ಹಾಲಿನವನಿಗೆ ಲೆಕ್ಕ ಇರುತ್ತದೆ, ಇದಕ್ಕೂ ಒಂದು ಲೆಕ್ಕ ಇರಲಿ ಎಂದು ಬರೆದೆ’ ಎಂದಳು. ‘ತಂಗಿ, ಇದನ್ನು ನಿಲ್ಲಿಸಬೇಡ’ ಎಂದೆ. ಅಷ್ಟು ಹೊತ್ತಿಗೆ ಅದು ನ್ಯಾಯಾಲಯಕ್ಕೆ ಬೇಕಾದೀತು ಎಂಬ ಯೋಚನೆ ನನಗೂ ಇರಲಿಲ್ಲ.

ನಾಚಿಕೆಯಿಂದಲೋ ಏನೋ, ಐದನೆಯ ದಿನ ಆತ ‘ಇನ್ನು ಮುಟ್ಟುವುದಿಲ್ಲ’ ಎಂದು ತಾನೇ ನಿಲ್ಲಿಸಿದ. ನಿಲ್ಲಿಸಿದ ಮೂರನೆಯ ರಾತ್ರಿ ಕೈ ನಡುಗಲು ಶುರುವಾಯಿತು, ಮೈ ಬೆವರಿನಿಂದ ತೊಯ್ದಿತು. ಗೋಡೆಯ ಮೇಲೆ ಏಡಿಗಳು ಹತ್ತುತ್ತಿವೆ ಎಂದು ಕೂಗಿದ. ಹೆಂಡತಿಯ ಅಣ್ಣ ರಿಕ್ಷಾದಲ್ಲಿ ಹಾಕಿಕೊಂಡು ತಾಲೂಕು ಆಸ್ಪತ್ರೆಗೆ ಓಡಿದ. ಅಲ್ಲಿಂದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸಿದರು. ವರ್ಷಗಟ್ಟಲೆ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಹೀಗಾಗಬಹುದು, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಮನೆಯವರು ‘ಛಲ ಇದ್ದರೆ ಇವತ್ತೇ ಬಿಡು’ ಎಂದು ಮೂಲೆಗೆ ತಳ್ಳುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಬಿಡಿಸುವುದೂ ಔಷಧದ ಕೆಲಸ, ವೈದ್ಯರ ಕಣ್ಣೆದುರು ಆಗಬೇಕಾದದ್ದು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಆಸ್ಪತ್ರೆಯಿಂದ ಬಂದ ಮೇಲೆ, ವೈದ್ಯರನ್ನು ಕೇಳಿಯೇ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರಕ್ಕೆ ಹೋದ. ಶಿಬಿರ ಮುಗಿಸಿದವರ ನವಜೀವನ ಸಮಿತಿಯ ಸಭೆಗೆ ಹೋಗುವುದನ್ನು ರೂಢಿ ಮಾಡಿಕೊಂಡ. ಮಾತ್ರೆ ಒಂದು ಕಡೆ, ತನ್ನಂಥವರ ಜೊತೆ ಕೂರುವುದು ಇನ್ನೊಂದು ಕಡೆ. ಎರಡರಲ್ಲಿ ಯಾವುದು ಕೆಲಸ ಮಾಡಿತೆಂದು ಕೇಳಿದರೆ ಆತ ಈಗಲೂ ‘ಎರಡೂ ಬೇಕಿತ್ತು’ ಎನ್ನುತ್ತಾನೆ. ಆಗಸ್ಟ್‌ನಿಂದ ಟೆಂಪೊದಲ್ಲಿ ಕ್ಲೀನರ್ ಆಗಿ ಹೋಗತೊಡಗಿದ. ಸ್ಟೀರಿಂಗ್ ಹಿಡಿದವನು ಅವನೇ ಕಲಿಸಿ ಬೆಳೆಸಿದ ಹುಡುಗ.

ನನ್ನ ತಪ್ಪು

2024ರ ಫೆಬ್ರವರಿಯಲ್ಲಿ, ಸೆಷನ್ಸ್ ಆದೇಶಕ್ಕೆ ಏಳು ತಿಂಗಳು ತುಂಬಿದಾಗ, 23ನೇ ಸೆಕ್ಷನ್ನಿನ ಅರ್ಜಿ ಹಾಕಿದೆವು. ಅದನ್ನು ನಾನು ಸರಿಯಾಗಿ ಬರೆಯಲಿಲ್ಲ. ಮಕ್ಕಳ ಶಾಲೆ, ತಾಯಿಯ ಔಷಧ, ಕ್ಲೀನರನ ಅರ್ಧ ಸಂಬಳ ಎಲ್ಲವನ್ನೂ ಬರೆದೆ. ಧಾರವಾಡದ ಕಾಗದಗಳನ್ನು ಮಾತ್ರ ಹಾಕಲಿಲ್ಲ. ‘ಆಸ್ಪತ್ರೆಯ ವಿಷಯ ಬೇಡ ವಕೀಲರೇ, ಊರಿಗೆಲ್ಲ ಗೊತ್ತಾಗುತ್ತದೆ’ ಎಂದು ಆತ ಬೇಡಿಕೊಂಡಿದ್ದ. ನಾನೂ ಒಪ್ಪಿದೆ. ಬಡತನ ಎಲ್ಲ ಅರ್ಜಿದಾರರಿಗೂ ಇರುತ್ತದೆ. ಈ ವ್ಯಕ್ತಿ ನಾಳೆ ಬೆಳಿಗ್ಗೆ ಸ್ಟೀರಿಂಗ್ ಹಿಡಿದರೆ ರಸ್ತೆಯಲ್ಲಿರುವ ಇತರರು ಸುರಕ್ಷಿತವೇ ಎಂಬುದೊಂದೇ ನ್ಯಾಯಾಲಯಕ್ಕೆ ಬೇಕಾದ ಉತ್ತರ. ಆ ಉತ್ತರ ನಮ್ಮ ಕೈಯಲ್ಲಿತ್ತು, ನಾವೇ ಮುಚ್ಚಿಟ್ಟೆವು. ನಡತೆ ಬದಲಾಗಿದೆ ಎಂದು ತೋರಿಸುವ ಯಾವ ಆಧಾರವೂ ಇಲ್ಲ ಎಂದು ಅರ್ಜಿ ವಜಾ ಆಯಿತು.

ಈ ನಡುವೆ ಅಡ್ಡದಾರಿ ತೋರಿಸುವವರು ಬಂದೇ ಬಂದರು. ಒಬ್ಬ ಏಜೆಂಟ್ ಗೋವಾದ ವಿಳಾಸದಲ್ಲಿ ಹೊಸ ಲೈಸೆನ್ಸ್ ಮಾಡಿಸಿಕೊಡುತ್ತೇನೆ ಎಂದ. ಲೈಸೆನ್ಸುಗಳ ದಾಖಲೆ ಈಗ ‘ಸಾರಥಿ’ ಎಂಬ ಒಂದೇ ವ್ಯವಸ್ಥೆಯಲ್ಲಿದೆ. ಅದಕ್ಕಿಂತ ಮುಖ್ಯವಾಗಿ, ಅನರ್ಹತೆಯ ಅವಧಿಯಲ್ಲಿ ವಾಹನ ಓಡಿಸುವುದಷ್ಟೇ ಅಲ್ಲ, ಲೈಸೆನ್ಸ್‌ಗೆ ಅರ್ಜಿ ಹಾಕುವುದೂ 182ನೇ ಸೆಕ್ಷನ್ನಿನಡಿ ಅಪರಾಧ. ಮೂರು ತಿಂಗಳವರೆಗೆ ಸೆರೆ ಅಥವಾ ಹತ್ತು ಸಾವಿರ ದಂಡ ಅಥವಾ ಎರಡೂ. ಹೆಂಡತಿಯೇ ಆ ಏಜೆಂಟನನ್ನು ಅಂಗಳದಿಂದ ಹೊರಗೆ ಕಳಿಸಿದಳಂತೆ.

ಮತ್ತೆ ಜೂನ್ ಬಂತು. 2024ರ ಮಳೆಗಾಲವನ್ನು ಈ ಕರಾವಳಿ ಮರೆಯುವುದಿಲ್ಲ. ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿಹೋಯಿತು. ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಲಾರಿಯೊಂದರ ಸಮೇತ ಬಿತ್ತು. ಮೀನಿಲ್ಲದ ಆ ಜುಲೈಯಲ್ಲಿ ಟೆಂಪೊದ ಸಾಹುಕಾರರು ಅಕ್ಕಿ, ಕಿರಾಣಿ ಸಾಗಿಸುತ್ತಿದ್ದರು. ಚಾಲಕ ಹುಡುಗ ಅಂಕೋಲೆಯ ಆಚೆ ಸಿಕ್ಕಿಕೊಂಡ. ‘ಒಳರಸ್ತೆಯಲ್ಲಿ ಹತ್ತು ಕಿಲೋಮೀಟರ್, ಯಾರು ನೋಡುತ್ತಾರೆ ಮಾರಾಯ, ನೀನೇ ತೆಗೆದುಕೊಂಡು ಹೋಗು’ ಎಂದು ಸಾಹುಕಾರರು ಕೀಲಿಕೈ ಚಾಚಿದರು. ಆತ ತೆಗೆದುಕೊಳ್ಳಲಿಲ್ಲ. ಮೂರು ದಿನ ಲೋಡು ಗೋದಾಮಿನಲ್ಲೇ ಉಳಿಯಿತು. ಆ ಸಿಟ್ಟಿನಲ್ಲಿ ಸಾಹುಕಾರರು ನನಗೆ ಫೋನ್ ಮಾಡಿ ದೂರಿದರು. ನಾನು ಕೇಳಿದೆ: ‘ಇದನ್ನೇ ಪ್ರಮಾಣಪತ್ರದಲ್ಲಿ ಬರೆದು ಸಹಿ ಮಾಡಿಕೊಡುತ್ತೀರಾ?’ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೊಡುತ್ತೇನೆ ಎಂದರು.

ಎರಡನೆಯ ಅರ್ಜಿ

2024ರ ಸೆಪ್ಟೆಂಬರ್‌ನಲ್ಲಿ ಮತ್ತೆ ಅರ್ಜಿ ಹಾಕಿದೆವು. ಈ ಸಲ ಏನನ್ನೂ ಮುಚ್ಚಿಡಲಿಲ್ಲ. ವೈದ್ಯರ ಪತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಮೂರು ತಿಂಗಳಿಗೊಮ್ಮೆ ಮಾಡಿಸಿದ ಜಿಜಿಟಿ ರಕ್ತಪರೀಕ್ಷೆಯ ವರದಿಗಳು. ಜಿಜಿಟಿ ಪಿತ್ತಜನಕಾಂಗದ ಒಂದು ಕಿಣ್ವ. ಹೆಚ್ಚು ಕುಡಿಯುವವರಲ್ಲಿ ಏರುತ್ತದೆ, ಬಿಟ್ಟರೆ ವಾರಗಳಲ್ಲಿ ಇಳಿಯುತ್ತದೆ. ಬೇರೆ ಕಾಯಿಲೆಯಿಂದಲೂ ಏರಬಹುದಾದ್ದರಿಂದ ಅದೊಂದೇ ಸಾಕ್ಷಿಯಾಗದು, ಆದರೆ ಒಂದು ವರ್ಷದ ಇಳಿಜಾರು ಒಟ್ಟಿಗೆ ಕಂಡಾಗ ಅದು ಮಾತನಾಡುತ್ತದೆ. ಅದರ ಜೊತೆಗೆ ಸಾಹುಕಾರರ ಪ್ರಮಾಣಪತ್ರ, ನವಜೀವನ ಸಮಿತಿಯ ಹಾಜರಿ, ಹೆಂಡತಿಯ ಪ್ರಮಾಣಪತ್ರ, ಮತ್ತು ಎರಡು ವರ್ಷದ ಕ್ಯಾಲೆಂಡರ್.

ಕ್ಯಾಲೆಂಡರ್ ಕೊಡುವುದೋ ಬೇಡವೋ ಎಂದು ನಾನು ಒಂದು ವಾರ ಯೋಚಿಸಿದ್ದೆ. ಅದರಲ್ಲಿ ಆ ನಾಲ್ಕು ‘ಕು’ ಇದ್ದವು, ಅದೂ ಇದೇ ನ್ಯಾಯಾಲಯ ರಿಯಾಯಿತಿ ಕೊಟ್ಟ ದಿನದಿಂದ. ಸಹೋದ್ಯೋಗಿಯೊಬ್ಬರು 2024ರದ್ದು ಮಾತ್ರ ಹಾಕಿ ಎಂದು ಸಲಹೆ ಕೊಟ್ಟರು. ಆದರೆ ಮೊದಲ ಅರ್ಜಿ ಬಿದ್ದದ್ದೇ ಮುಚ್ಚಿಟ್ಟದ್ದರಿಂದ. ಎರಡನ್ನೂ ಕೊಟ್ಟೆ.

ನ್ಯಾಯಾಧೀಶರು ಹಾಳೆ ಮಗುಚುತ್ತಾ ಜುಲೈಗೆ ಬಂದು ನಿಂತರು. ದಿನಾಂಕವನ್ನೂ ತಮ್ಮ ಹಿಂದಿನ ಆದೇಶವನ್ನೂ ತಾಳೆ ನೋಡಿದರು. ನನ್ನ ಗಂಟಲು ಒಣಗಿತ್ತು. ಅವರು ಅವನನ್ನೇ ಮುಂದೆ ಕರೆದು ಕೇಳಿದರು: ‘ಮುಂದಿನ ಬಂಡಿಹಬ್ಬಕ್ಕೆ ಏನು ಮಾಡುತ್ತೀರಿ?’ ಇಂಥ ಪ್ರಶ್ನೆಗೆ ನಾನು ಅವನನ್ನು ಸಿದ್ಧಪಡಿಸಿರಲಿಲ್ಲ. ‘ಹೋಗುತ್ತೇನೆ ಸ್ವಾಮಿ. ಹೋಗದೇ ಇರಲು ಆಗುವುದಿಲ್ಲ, ನಮ್ಮ ಮನೆಯ ಹರಕೆ ಇದೆ. ಹೆಂಡತಿ ಮಕ್ಕಳ ಜೊತೆ ಹೋಗಿ ಬೆಳಕಿದ್ದಾಗಲೇ ಬಸ್ಸಿಗೆ ಬರುತ್ತೇನೆ. ಈ ವರ್ಷ ಹಾಗೇ ಬಂದೆ’ ಎಂದ. ಮೇ ತಿಂಗಳ ಹಾಳೆ ತೆಗೆದು ನೋಡಿದರು. ಚೌಕದಲ್ಲಿ ಹಾಲು ಒಂದು ಲೀಟರ್ ಎಂದಿತ್ತು, ಅಷ್ಟೇ.

ನವೆಂಬರ್‌ನಲ್ಲಿ ಆದೇಶ ಬಂತು. ಮೂರು ವರ್ಷದ ಅನರ್ಹತೆಯನ್ನು ಎರಡಕ್ಕೆ ಇಳಿಸಿದ್ದರು, 2025ರ ಫೆಬ್ರವರಿ ಕೊನೆಗೆ ಮುಗಿಯುವಂತೆ. ಡ್ರೈವಿಂಗ್ ಶಾಲೆಯೊಂದರಲ್ಲಿ ಪುನಶ್ಚೇತನ ತರಬೇತಿ, ಅವಧಿ ಮುಗಿಯುವವರೆಗೂ ಮೂರು ತಿಂಗಳಿಗೊಮ್ಮೆ ವೈದ್ಯರ ವರದಿ ಎಂಬ ಷರತ್ತುಗಳಿದ್ದವು. ಇಷ್ಟೆಲ್ಲ ಓಡಾಟದಿಂದ ಉಳಿದದ್ದು ಒಂದು ವರ್ಷ. ಕ್ಲೀನರನ ಸಂಬಳದಲ್ಲಿ ಮನೆ ನಡೆಸುವವರಿಗೆ ಅದು ಸಣ್ಣದಲ್ಲ.

ಕೆಂಪು ಅಕ್ಷರದ ಹಲಗೆ

ಆರ್‌ಟಿಒ ಹಂತ ಸುಲಭ ಎಂದುಕೊಂಡಿದ್ದೆವು. ನಮ್ಮ ಜಿಲ್ಲೆಯಲ್ಲಿ ನಾಲ್ಕು ಕಚೇರಿಗಳು: ಕಾರವಾರ ಕೆಎ 30, ಶಿರಸಿ ಕೆಎ 31, ಹೊನ್ನಾವರ ಕೆಎ 47, ದಾಂಡೇಲಿ ಕೆಎ 65. ಆದೇಶ ಎಲ್ಲಿಗೆ ಹೋಗಿದೆ, ದಾಖಲೆ ಎಲ್ಲಿದೆ ಎಂದು ಹುಡುಕುವುದರಲ್ಲೇ ವಾರಗಳು ಹೋದವು. ನ್ಯಾಯಾಲಯದಿಂದ ಕಾಗದ ತಾನಾಗಿ ಹೋಗುತ್ತದೆ ಎಂದು ಕಾಯದೆ, ದೃಢೀಕೃತ ನಕಲನ್ನು ಕೈಯಲ್ಲೇ ಒಯ್ದು ಸ್ವೀಕೃತಿ ಪಡೆಯುವುದು ಒಳ್ಳೆಯದು. ಅದಾದ ಮೇಲೂ ಕಂಪ್ಯೂಟರಿನಲ್ಲಿ ಹಳೆಯ ಅನರ್ಹತೆಯೇ ಕಾಣುತ್ತಿತ್ತು.

ಇನ್ನೊಂದು ತೊಡಕನ್ನು ನಾನು ಮುಂಚೆಯೇ ನೋಡಬೇಕಿತ್ತು. 2003ರ ಲೈಸೆನ್ಸ್ ಇಪ್ಪತ್ತು ವರ್ಷದ್ದು. 2023ರ ಮೇ ತಿಂಗಳಲ್ಲೇ ಅದರ ಅವಧಿ ಮುಗಿದಿತ್ತು. ಅನರ್ಹನಾಗಿದ್ದವನು ನವೀಕರಿಸುವಂತಿರಲಿಲ್ಲ. ಅವಧಿ ಮುಗಿದು ಒಂದು ವರ್ಷ ದಾಟಿದರೆ ಪರೀಕ್ಷೆ ಪಾಸಾಗದೆ ನವೀಕರಣವಿಲ್ಲ. ಎಲ್‌ಎಲ್‌ಆರ್‌ನಿಂದಲೇ ಶುರು ಮಾಡಿ ಎಂದರು. ನಲವತ್ತು ದಾಟಿದ್ದರಿಂದ ನಮೂನೆ 1ಎ ವೈದ್ಯಕೀಯ ಪ್ರಮಾಣಪತ್ರವೂ ಬೇಕಾಯಿತು. ಇಪ್ಪತ್ತು ವರ್ಷ ಘಟ್ಟ ಹತ್ತಿ ಇಳಿದ ಮನುಷ್ಯ ಕೆಂಪು ‘ಎಲ್’ ಹಲಗೆ ಹಚ್ಚಿದ ಕಾರಿನಲ್ಲಿ, ತಾನೇ ಕಲಿಸಿದ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿಂಗಳು ಕಳೆದ.

ಮೊದಲ ಪರೀಕ್ಷೆಯಲ್ಲಿ ಫೇಲಾದ. ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತುವಾಗ ಕಾರು ಒಂದು ಮೊಳ ಹಿಂದೆ ಸರಿಯಿತು, ತಿರುವಿನಲ್ಲಿ ಸಿಗ್ನಲ್ ಹಾಕಲಿಲ್ಲ. ಆ ಸಂಜೆ ನನಗೆ ನಿಜವಾದ ಭಯವಾಯಿತು. ಗೆದ್ದ ರಾತ್ರಿಯೇ ಕುಡಿದವನು ಸೋತ ರಾತ್ರಿ ಏನು ಮಾಡಿಯಾನು? ಎಂಟು ಗಂಟೆಗೆ ಹೆಂಡತಿಗೆ ಫೋನ್ ಮಾಡಿದೆ. ‘ಸಮಿತಿಯವರ ಮನೆಗೆ ಹೋಗಿದ್ದಾರೆ. ಬರುವಾಗ ಕೊತ್ತಂಬರಿ ತರಲು ಹೇಳಿದ್ದೇನೆ’ ಎಂದಳು. ಏಳು ದಿನ ಬಿಟ್ಟು ಮತ್ತೆ ಹೋಗಿ ಪಾಸಾದ.

ಕಾರ್ಡ್ ಅಂಚೆಯಲ್ಲಿ ಬಂದ ದಿನ ಇಬ್ಬರೂ ಬಂದರು. ನಾನು ಹೇಳಬೇಕಾದ ಒಂದು ಕಹಿ ಮಾತಿತ್ತು, ಹೇಳಿದೆ. ಹಿಂದಿನ ಶಿಕ್ಷೆಗಳೆಲ್ಲ ಈಗ ನಮ್ಮದೇ ಅರ್ಜಿಗಳಲ್ಲಿ ದಿನಾಂಕ ಸಮೇತ ದಾಖಲಾಗಿವೆ. ಇನ್ನೊಂದು ಸಲ ಸಿಕ್ಕಿದರೆ ದೋಷಾರೋಪ ಪಟ್ಟಿಯಲ್ಲಿ ತೂತು ಇರುವುದಿಲ್ಲ. ಬರುವ ಶಬ್ದ ‘ರದ್ದು’, ಅದನ್ನು ತೆಗೆಸಲು ನನ್ನಿಂದಲೂ ಆಗದು. ಆತ ತಲೆಯಾಡಿಸಿದ. ಹೆಂಡತಿ ಕೇಳಿದ್ದು ಬೇರೆ: ‘ವಕೀಲರೇ, ಈ ಕಾರ್ಡನ್ನು ರಾತ್ರಿ ನಾನು ಇಟ್ಟುಕೊಳ್ಳಬಹುದೇ? ಕಾನೂನಿಗೆ ಅಡ್ಡಿ ಇದೆಯೇ?’

ಅಡ್ಡಿ ಇಲ್ಲ ಎಂದೆ. ಓಡಿಸುವಾಗ ಅವನ ಬಳಿ ಇದ್ದರಾಯಿತು.

2025ರ ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿದಾಗ ಆತ ಟೆಂಪೊ ಹಿಡಿದ. ಸಾಹುಕಾರರು ಒಂದು ಸಣ್ಣ ಊದುವ ಯಂತ್ರ ತರಿಸಿ ಅವನ ಮನೆಯಲ್ಲೇ ಇಟ್ಟಿದ್ದಾರೆ. ಮೂರೂವರೆಗೆ ಎದ್ದು ಅಡುಗೆಮನೆಯ ದೀಪದಡಿ ಊದುತ್ತಾನೆ. ಆಕೆ ಅಂಕಿ ನೋಡಿ, ಅಕ್ಕಿ ಡಬ್ಬಿಯ ಹಿಂದಿನಿಂದ ಕಾರ್ಡು ತೆಗೆದು ಕೊಡುತ್ತಾಳೆ. ಆ ಅಂಕಿಯನ್ನು ಹಾಲಿನ ಲೆಕ್ಕದ ಕೆಳಗೆ ಬರೆಯುತ್ತಾಳೆ.